ಎಂಗ್ ಕೀ ಕುಡಿದ ಚಹಾ

ಜಾರ್ಜ್ ಟೌನ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಖೋರ್ ಎಂಗ್ ಕೀಯ ಬಲಗೈ ಬೆಳಗಾದರೆ ಸುಮ್ಮನಿರುತ್ತಿರಲಿಲ್ಲ. ಆ ಕೈಯಲ್ಲಿ ಹಿಟ್ಟಿನ ಉಂಡೆಯೊಂದು ಸದಾ ಕುಣಿಯುತ್ತಿತ್ತು. ಕುಣಿಸುವುದನ್ನು ನಿಲ್ಲಿಸಿದರೆ ಬೆರಳ ಸಂದಿಯಿಂದ ಜಾರಿ ಕಾಲ ಮೇಲೆ ಬೀಳುವಷ್ಟು ಸಡಿಲವಾದ ಹಿಟ್ಟು ಅದು. ಕಾದ ಕಾವಲಿಯ ಮೇಲೆ ಅದನ್ನು ಒಮ್ಮೆ ಒತ್ತಿ, ದುಂಡಗೆ ತಿರುವಿ, ಚಕ್ಕನೆ ಎತ್ತಿಬಿಡುತ್ತಿದ್ದ. ಕಾವಲಿಗೆ ಅಂಟಿ ಉಳಿಯುತ್ತಿದ್ದದ್ದು ತೆಳುವಾದ ಒಂದು ಪೊರೆ. ಅಂಚು ಒಣಗಿ ಮೇಲೆದ್ದ ಕೂಡಲೇ ಎಡಗೈಯಿಂದ ಅದನ್ನು ಸುಲಿದು ಪಕ್ಕದ ಅಟ್ಟಿಯ ಮೇಲೆ ಹಾಸುತ್ತಿದ್ದ. ಒಳಗೆ ಹೂರಣವಿಟ್ಟು ಸುರುಳಿ ಮಾಡಿ ತಿನ್ನುವ ಪೋಪಿಯಾ ಸುತ್ತುವ ಹಾಳೆ. ಬೆಳಕಿಗೆ ಹಿಡಿದರೆ ಎದುರಿನ ಕಾಫಿ ಅಂಗಡಿಯ ಹೋಕ್ ಲಾಯ್‌ನ ಬೋಳುತಲೆ ಅದರಾಚೆ ಮಸುಕಾಗಿ ಕಾಣಬೇಕು, ಕಾಣದಿದ್ದರೆ ಹಾಳೆ ದಪ್ಪವಾಯಿತೆಂದು ಅರ್ಥ ಅನ್ನುತ್ತಿದ್ದ ಎಂಗ್ ಕೀ. ಹೋಕ್ ಲಾಯ್‌ಗೆ ಈ ಅಳತೆಗೋಲು ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಆ ಕೈಗೆ ಸುಮ್ಮನಿರಲಾಗದ ಇನ್ನೊಂದು ಅಭ್ಯಾಸವಿತ್ತು. ಮಗಳಿಗೆ ಕೊಡುವುದು.

ಮಗಳು ಪೇ ಶಾನ್‌ಗೆ ಮೂವತ್ತಮೂರು. ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದಳು. ಬಿದ್ದವರನ್ನು ನಡೆಸುವುದು, ಹಿಡಿದುಕೊಂಡ ಭುಜ ಬಿಡಿಸುವುದು, ಸೆಟೆದ ಬೆರಳು ಮಡಿಸುವುದು ಅವಳ ಕೆಲಸ. ತಂದೆಗಿಂತ ಹೆಚ್ಚು ದುಡಿಯುತ್ತಿದ್ದಳು. ಅದು ಓಣಿಗೆಲ್ಲ ಗೊತ್ತಿತ್ತು, ಎಂಗ್ ಕೀಗೂ ಗೊತ್ತಿತ್ತು. ಆದರೆ ಗೊತ್ತಿರುವುದು ತಲೆಗೆ. ಅವನ ಕೈಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಭಾನುವಾರ ಅವಳು ಊಟಕ್ಕೆ ಬಂದರೆ, ಅವಳು ತಾಯಿಯ ಜೊತೆ ಹರಟುತ್ತ ಕೂತ ಹೊತ್ತಿನಲ್ಲಿ ಚೀಲದಿಂದ ಕಾರಿನ ಕೀ ತೆಗೆದುಕೊಂಡು ಹೋಗಿ ಪೆಟ್ರೋಲ್ ತುಂಬಿಸಿಕೊಂಡು ಬರುತ್ತಿದ್ದ. ಅವಳ ಮನೆಯ ಅಕ್ಕಿ ಅವನದು, ಪರದೆ ಅವನದು, ಫ್ಯಾನು ಅವನದು. ಅವಳು ಏನಾದರೂ ದುಡ್ಡು ಕೊಟ್ಟರೆ ಬೇಡವೆಂದು ಜಗಳವಾಡುವ ಜಾತಿಯಲ್ಲ ಅವನು. ನಗುತ್ತ ತೆಗೆದುಕೊಳ್ಳುತ್ತಿದ್ದ. ಮಾರನೆಯ ವಾರ ಅದು ಅವಳ ಅಕ್ಕಿ ಚೀಲದ ತಳದಲ್ಲೋ, ಕಾರಿನ ಸೀಟಿನ ಕೆಳಗೋ ಸಿಗುತ್ತಿತ್ತು. ಒಮ್ಮೆಯಂತೂ ಹಾಳೆಗಳ ಅಟ್ಟಿಯ ನಡುವೆ ಸಿಕ್ಕಿತು. ನೋಟಿಗೆ ಹಿಟ್ಟಿನ ವಾಸನೆ ಹತ್ತಿತ್ತು.

"ಏನಯ್ಯಾ, ಪೆಟ್ರೋಲ್ ಹಾಕಿಸ್ಕೊಂಡು ಬಂದ್ಯಾ?" ಎಂದು ಹೋಕ್ ಲಾಯ್ ಸೋಮವಾರ ಬೆಳಿಗ್ಗೆ ಕೇಳುತ್ತಿದ್ದ. "ಪಾಪ, ಎಳೇ ಮಗು. ಬಿಸ್ಕತ್ತಿಗೂ ಏನಾದ್ರೂ ಕೊಟ್ಯಾ?"

"ನಿನ್ ಕಾಫಿಗೆ ನೀರು ಜಾಸ್ತಿ ಆಗಿದೆ. ಅದ್ ನೋಡ್ಕೋ."

"ಆ ಮಗು ಮೊನ್ನೆ ನನ್ ಸೊಂಟ ಹಿಡಿದು ನೆಟ್ಟಗೆ ಮಾಡ್ತು. ಎಂಥಾ ಕೈ ಅಂತೀಯ. ಹತ್ತು ಆಳು ಎತ್ತೋ ಕೈ. ಆ ಕೈಗೆ ನೀನು ಮಿಠಾಯಿ ಕಾಸು ಕೊಡ್ತೀಯ."

"ಮದ್ವೆ ಆಗೋವರ್ಗೂ ನನ್ ಖರ್ಚು."

"ಮದ್ವೆ ಆಗಿ ಎರಡು ವರ್ಷ ಆಯ್ತಲ್ಲೋ."

"ಅದು ಕಾಗದ," ಎಂದು ಎಂಗ್ ಕೀ ಕಾವಲಿಯ ಕಡೆ ತಿರುಗುತ್ತಿದ್ದ.

ಕಾಗದವೇನೋ ಹೌದು. ಎರಡು ವರ್ಷದ ಹಿಂದೆ ಪೇ ಶಾನ್ ಮತ್ತು ವೇ ಜಿಯೆನ್ ರಿಜಿಸ್ಟರ್ ಕಚೇರಿಗೆ ಹೋಗಿ ರುಜು ಹಾಕಿ ಬಂದಿದ್ದರು. ಫ್ಲ್ಯಾಟಿನ ಸಾಲಕ್ಕೆ ಗಂಡ ಹೆಂಡತಿ ಎಂದು ಎರಡು ಹೆಸರು ಬೇಕಾಗಿತ್ತು. ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಕಾಗದ ಸರ್ಕಾರಕ್ಕೆ, ಮದುವೆ ಆಮೇಲೆ. ಹುಡುಗ ಹುಡುಗಿ ಮಂಡಿಯೂರಿ ಎರಡೂ ಕೈಯಲ್ಲಿ ಚಹಾ ಕೊಟ್ಟು, ತಂದೆ ತಾಯಿ ಅದನ್ನು ಕುಡಿದು, ದುಡ್ಡಿಟ್ಟ ಕೆಂಪು ಲಕೋಟೆ ಕೈಗಿಟ್ಟು, ಬಂಧುಬಳಗಕ್ಕೆ ಊಟ ಹಾಕಿದರೆ ಮದುವೆ. ಅಲ್ಲಿಯವರೆಗೆ ಚೀನೀ ಹೊಸ ವರ್ಷದ ಹಬ್ಬದಲ್ಲಿ, ಮದುವೆಯಾಗದ ಮಕ್ಕಳ ಹಾಗೆ, ಅವಳು ಕೆಂಪು ಲಕೋಟೆ ತೆಗೆದುಕೊಳ್ಳುವವಳೇ ಹೊರತು ಕೊಡುವವಳಲ್ಲ. ಓಣಿಯ ಶಾಲೆ ಮಕ್ಕಳ ಸಾಲಿನಲ್ಲಿ ನಿಂತು ಲಕೋಟೆಗೆ ಕೈಚಾಚುವಾಗ ಪೇ ಶಾನ್‌ಗೆ ಪ್ರತಿ ವರ್ಷ ಕಿವಿ ಕೆಂಪಾಗುತ್ತಿತ್ತು. ಎಂಗ್ ಕೀಗೆ ಪ್ರತಿ ವರ್ಷ ಎದೆ ಹಿಗ್ಗುತ್ತಿತ್ತು.

ವೇ ಜಿಯೆನ್ ಲಿಫ್ಟ್ ರಿಪೇರಿ ಮಾಡುವವನು. ಉದ್ದನೆಯ ಆಳು, ಕಡಿಮೆ ಮಾತು. ಫ್ಲ್ಯಾಟಿನ ಎಂಟನೆಯ ಅಂತಸ್ತಿನಲ್ಲಿ ಪೇ ಶಾನ್ ಇದ್ದಳು. ಅವನು ಗೆಳೆಯನ ಕೋಣೆಯಲ್ಲಿದ್ದಾನೆ ಎಂದು ಹೇಳಲಾಗುತ್ತಿತ್ತು. ಆ ಕಟ್ಟಡದ ಲಿಫ್ಟ್ ಯಾಕೆ ಅಷ್ಟು ಸಲ ಕೆಡುತ್ತದೆ ಎಂದು ಹೋಕ್ ಲಾಯ್ ಕೇಳಿದಾಗೆಲ್ಲ ಎಂಗ್ ಕೀಗೆ ಕಿವಿ ಕೇಳಿಸುತ್ತಿರಲಿಲ್ಲ.

"ಸರಿ, ಊಟ ಹಾಕ್ಸಿಬಿಡು ಮತ್ತೆ," ಎಂದ ಹೋಕ್ ಲಾಯ್ ಒಂದು ದಿನ.

"ಹತ್ತು ಮೇಜಾದ್ರೂ ಬೇಡ್ವಾ? ದುಡ್ಡು ಕೂಡಿಡ್ತಾ ಇದೀನಿ."

"ಮತ್ತೆ ಇನ್ನೂ ಯಾಕ್ ಕೂಡಿಲ್ಲ?"

"ಮಗಳ ಖರ್ಚಿದೆಯಲ್ಲಪ್ಪ."

"ಮಗಳ ಖರ್ಚು ನಿಂಗ್ಯಾಕೆ?"

"ಊಟ ಆಗಿಲ್ವಲ್ಲ. ಆಗೋವರ್ಗೂ ನಂದೇ."

ಹೋಕ್ ಲಾಯ್ ಕೈಯಲ್ಲಿದ್ದ ಚಮಚ ಕೆಳಗಿಟ್ಟ. "ಹುಟ್ಟಿದಾಗಿಂದ ಲೋಟದಲ್ಲಿ ಚಮಚ ತಿರುಗಿಸ್ತಾ ಇದೀನಿ. ಇಷ್ಟು ಚೆನ್ನಾಗಿ ನಂಗೂ ತಿರುಗ್ಸಕ್ಕೆ ಬರಲ್ಲ ಕಣಯ್ಯ."

ಹೀಗೆ ಇನ್ನೂ ಕೆಲವು ವರ್ಷ ತಿರುಗುತ್ತಿತ್ತೇನೋ. ಆದರೆ ಆ ವರ್ಷ ಮಳೆ ಬಿಡುವ ಹೊತ್ತಿಗೆ ಎಂಗ್ ಕೀಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಮೊದಲು ಹಿಟ್ಟು ಎತ್ತುವಾಗ ಚುಚ್ಚುತ್ತಿತ್ತು. ಆಮೇಲೆ ಅಂಗಿಯ ಗುಂಡಿ ಹಾಕುವಾಗಲೂ ಚುಚ್ಚತೊಡಗಿತು. ಹೊಸ ವರ್ಷ ಹತ್ತಿರ ಬರುತ್ತಿತ್ತು. ಊರಿಗೆ ಊರೇ ಪೋಪಿಯಾ ಸುತ್ತುವ ಕಾಲ, ಅಂಗಡಿ ಮುಚ್ಚುವ ಮಾತೇ ಇಲ್ಲ. ಅವನು ಎಡಗೈಗೆ ಹಿಟ್ಟು ಬದಲಾಯಿಸಿ ನೋಡಿದ. ಎಡಗೈಯ ಹಾಳೆಗಳು ದುಂಡಗಾಗಲಿಲ್ಲ. ಬಾಲವಿದ್ದವು, ಕೊಂಬಿದ್ದವು, ಒಂದೆರಡಕ್ಕೆ ಕೊಲ್ಲಿಯೂ ಇತ್ತು.

"ಈ ಕೈ ಶುದ್ಧ ದಂಡಪಿಂಡ," ಎಂದಳು ಹೆಂಡತಿ ಗೈಕ್ ಇಮ್, ಹಾಳೆಗಳನ್ನು ಕಟ್ಟುತ್ತ. "ಅರವತ್ತೆಂಟು ವರ್ಷ ಸಾಕಿದೀರ. ಒಂದು ದಿನ ನೆಟ್ಟಗೆ ದುಡೀಲಿಲ್ಲ."

"ಪೇ ಶಾನ್‌ಗೆ ಹೇಳ್ಬೇಡ."

"ಹೇಳಲ್ಲ."

"ಮಾತು ಕೊಡು."

"ಕೊಟ್ಟೆ. ಬಾಯಲ್ಲಿ ಹೇಳಲ್ಲ."

ಭಾನುವಾರ ಪೇ ಶಾನ್ ಊಟಕ್ಕೆ ಬಂದಳು. ಆವಿಯಲ್ಲಿ ಬೇಯಿಸಿದ ಮೀನು, ಶುಂಠಿಯ ಎಸಳು, ಬಿಸಿ ಅನ್ನ. ಎಂಗ್ ಕೀ ಎಡಗೈಯಲ್ಲಿ ಚಮಚ ಹಿಡಿದು ಕೂತಿದ್ದ.

"ಪಾ, ಚಾಪ್‌ಸ್ಟಿಕ್ ಎಲ್ಲಿ?"

"ಚಮಚದಲ್ಲಿ ತಿಂದ್ರೆ ರುಚಿ ಜಾಸ್ತಿ."

"ಮೀನೂ ಚಮಚದಲ್ಲಾ?"

"ಮುಳ್ಳು ಸಿಗಲ್ಲ."

ಅವಳು ಸ್ವಲ್ಪ ಹೊತ್ತು ತಿಂದಳು. ಆಮೇಲೆ ಸೋಯಾ ಬಾಟಲಿಯನ್ನು ಅವನ ಮುಂದೆ ಸರಿಸಿದಳು. "ಮುಚ್ಚಳ ಬಿಗಿಯಾಗಿದೆ ಪಾ. ತೆಗೆದುಕೊಡಿ."

ಎಂಗ್ ಕೀ ಬಾಟಲಿಯನ್ನು ನೋಡಿದ. ಹೆಂಡತಿಯನ್ನು ನೋಡಿದ.

"ನನ್ ಮುಖ ನೋಡ್ಬೇಡಿ," ಎಂದಳು ಗೈಕ್ ಇಮ್. "ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ಹೇಳ್ತಾ ಇಲ್ಲ."

ಪೇ ಶಾನ್ ಮೇಜು ಸುತ್ತಿಕೊಂಡು ಬಂದು ಅವನ ಬಲಗೈ ಹಿಡಿದಳು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ, ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ಬಗ್ಗಿಸಿದಳು. ಎಂಗ್ ಕೀಯ ಹಲ್ಲುಗಳ ನಡುವೆ ಉಸಿರು ಸುಯ್ಯೆಂದಿತು.

"ಯಾವಾಗಿಂದ?"

"ನಿನ್ನೆಯಿಂದ."

ಗೈಕ್ ಇಮ್ ಕೆಮ್ಮಿದಳು.

"ಹೋದ ವಾರದಿಂದ."

ಅವಳು ಮತ್ತೆ ಕೆಮ್ಮಿದಳು. ನೀರು ಕುಡಿ ಎಂದು ಅವನು ಹೆಂಡತಿಗೆ ಹೇಳಿದ.

"ಪಾ, ಈ ಕೈಗೆ ಮೂರು ತಿಂಗಳು ವಿಶ್ರಾಂತಿ ಬೇಕು," ಎಂದಳು ಪೇ ಶಾನ್. ಅವಳ ದನಿ ಆಸ್ಪತ್ರೆಯ ದನಿಯಾಗಿತ್ತು. ಅವನು ಅದನ್ನು ಕೇಳುತ್ತಿದ್ದದ್ದು ಮೊದಲ ಸಲ. "ಅಂಗಡಿ ಮುಚ್ಚಿ. ಮನೆ ಖರ್ಚು ನಾನು ನೋಡ್ಕೋತೀನಿ."

"ಮಕ್ಕಳ ಹತ್ರ ದುಡ್ಡು ತಗೊಂಡು ತಿನ್ನೋದಾ?"

"ನಾನು ಮಗು ಅಲ್ಲ."

"ಹೋದ ಹಬ್ಬಕ್ಕೆ ಕೆಂಪು ಲಕೋಟೆ ಯಾರು ಯಾರಿಗೆ ಕೊಟ್ರು?"

"ನೀವು ನಂಗೆ."

"ಮತ್ತೆ?"

"ಹಂಗಾದ್ರೆ ನಾನು ದೊಡ್ಡೋಳಾಗೋದು ಯಾವಾಗ?"

"ಊಟ ಹಾಕ್ಸಿದ ಮೇಲೆ."

"ಊಟ ಬೇಡ ಪಾ. ಚಹಾ ಸಾಕು. ವೇ ಜಿಯೆನ್‌ನ ಈಗ್ಲೇ ಕರೀತೀನಿ. ಇಲ್ಲೇ ಕೂತ್ಕೊಳ್ಳಿ, ಕೊಟ್ಟುಬಿಡ್ತೀವಿ. ಆಮೇಲಾದ್ರೂ ನಾನು ಕೊಟ್ಟಿದ್ದು ನಿಮ್ಮ ಜೇಬಲ್ಲಿ ನಿಲ್ಲುತ್ತಲ್ಲ."

ಎಂಗ್ ಕೀ ಎದ್ದ. "ನಿನ್ ಕಾರಿನ ಕೀ ಎಲ್ಲಿಟ್ಟಿದೀಯ?"

ಪೆಟ್ರೋಲ್ ಬಂಕಿನಲ್ಲಿ ಸಾಲಿತ್ತು. ಅವನು ಮಗಳ ಕಾರಿನಲ್ಲಿ ಎಡಗೈಯನ್ನು ಸ್ಟಿಯರಿಂಗ್ ಮೇಲಿಟ್ಟು ಕೂತ. ಕಾರಿನೊಳಗೆ ಅವಳ ಕೈಗೆ ಹಚ್ಚುವ ಮುಲಾಮಿನ ವಾಸನೆ, ಹಿಂದಿನ ಸೀಟಿನಲ್ಲಿ ಅವಳ ಮಳೆಕೋಟು.

ಅವನಿಗೆ ಹದಿನಾಲ್ಕು ತುಂಬಿದ ದಿನ ಅವನ ತಾಯಿ ಇದೇ ಓಣಿಯಲ್ಲಿ ಹಿಟ್ಟಿನ ಉಂಡೆಯನ್ನು ತನ್ನ ಕೈಯಿಂದ ಅವನ ಕೈಗೆ ದಾಟಿಸಿದ್ದಳು. "ಇನ್ನು ನಿನ್ನ ಅನ್ನ ನಿಂದು" ಎಂದಿದ್ದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕೆಳಗೆ ಇನ್ನೂ ನಾಲ್ಕು ಮಕ್ಕಳಿದ್ದವು. ಆ ರಾತ್ರಿ ಊಟದ ಮೇಜಿನಲ್ಲಿ ಅವನ ಬಟ್ಟಲು ಅದೇ ಜಾಗದಲ್ಲಿತ್ತು, ಅನ್ನವೂ ಅಷ್ಟೇ ಇತ್ತು. ಆದರೂ ತಾನು ಯಾರದೋ ಮನೆಯಲ್ಲಿ ಉಣ್ಣುತ್ತಿದ್ದೇನೆ ಅನಿಸಿತ್ತು. ಪೇ ಶಾನ್ ಹುಟ್ಟಿದಾಗ, ಆ ಮಾತು ತನ್ನ ಬಾಯಿಂದ ಬರಬಾರದೆಂದು ಅವನು ಅಂದುಕೊಂಡಿದ್ದ. ಬಂದಿರಲಿಲ್ಲ.

ಅದು ಒಂದು. ಇನ್ನೊಂದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹೊಸ ವರ್ಷದ ಹಿಂದಿನ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ಊಟಕ್ಕೆ ಮದುವೆಯಾದ ಹೆಣ್ಣು ಗಂಡನ ಮನೆಯ ಮೇಜಿನಲ್ಲಿರಬೇಕು. ತವರಿಗೆ ಬರುವುದು ಹಬ್ಬದ ಎರಡನೆಯ ದಿನ, ಕಿತ್ತಳೆ ಹಿಡಿದುಕೊಂಡು, ನೆಂಟರ ಹಾಗೆ. ಚಹಾ ಕುಡಿದ ದಿನವೇ ಆ ಮೇಜಿನ ಮೂರನೆಯ ಕುರ್ಚಿ ಖಾಲಿ. ಪೆಟ್ರೋಲು, ಪರದೆ, ಅಕ್ಕಿ ಎಲ್ಲವನ್ನೂ ಅವನು ಆ ಕುರ್ಚಿಯ ಕಾಲಿಗೆ ಕಟ್ಟಿದ್ದ. ತನ್ನ ಖರ್ಚಿನಲ್ಲಿರುವವರೆಗೆ ಅವಳು ತನ್ನ ಮೇಜಿನವಳು.

ಹಿಂದಿನ ಕಾರಿನವನು ಹಾರ್ನ್ ಮಾಡಿದ. ಎಂಗ್ ಕೀ ಮುಂದೆ ಸರಿದು ಟ್ಯಾಂಕ್ ತುಂಬಿಸಿದ.

ಅವತ್ತು ತಂದೆ ಮಗಳು ಒಂದು ಒಪ್ಪಂದಕ್ಕೆ ಬಂದರು. ಹಬ್ಬ ಮುಗಿಯುವವರೆಗೆ ಅಂಗಡಿ ನಡೆಯುತ್ತದೆ. ಆದರೆ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಅವಳು ಬಂದು ಕೈಗೆ ಪಟ್ಟಿ ಸುತ್ತುತ್ತಾಳೆ, ಅವನು ತುಟಿಪಿಟಕ್ಕೆನ್ನದೆ ಸುತ್ತಿಸಿಕೊಳ್ಳಬೇಕು. ಹಬ್ಬದ ಮೇಲಿನ ಮಾತು ಹಬ್ಬದ ಮೇಲೆ.

ಹಬ್ಬಕ್ಕೆ ಕೆಲವೇ ದಿನ ಉಳಿದಿತ್ತು. ಅವತ್ತು ಬೆಳಿಗ್ಗೆ ಒಲೆಯ ಒಂದು ಕಡೆ ಉರಿ ಸಣ್ಣಗಾಗಿ, ಕಾವಲಿ ಒಂದು ಮಗ್ಗುಲಿಗೆ ಕಾಯುತ್ತ ಇನ್ನೊಂದು ಮಗ್ಗುಲಿಗೆ ತಣ್ಣಗಿತ್ತು. ಪೇ ಶಾನ್ ವೇ ಜಿಯೆನ್‌ನನ್ನು ಕರೆತಂದಿದ್ದಳು. ಅವನು ಲಿಫ್ಟ್ ಕಂಪನಿಯ ಅಂಗಿಯಲ್ಲೇ ನೆಲದ ಮೇಲೆ ಮಂಡಿಯೂರಿ ಒಲೆಯ ಕೊಳವೆ ಬಿಚ್ಚುತ್ತಿದ್ದ. ಹಾಳೆಗೆ ಬಂದವರ ಸಾಲು ಮೀನಂಗಡಿಯವರೆಗೆ ಬೆಳೆದಿತ್ತು. ಎಂಗ್ ಕೀ ಕುಳ್ಳ ಸ್ಟೂಲಿನ ಮೇಲೆ ಕೂತು ಕೈ ಚಾಚಿದ್ದ. ಅವನ ಎಡಕ್ಕೆ ಗೈಕ್ ಇಮ್ ಕೂತು ಹಾಳೆ ಕಟ್ಟುತ್ತಿದ್ದಳು. ಪೇ ಶಾನ್ ಅವನ ಮುಂದೆ ಮಂಡಿಯೂರಿ ಪಟ್ಟಿ ಸುತ್ತಿ ಮುಗಿಸಿದಳು.

ಹೋಕ್ ಲಾಯ್ ಗಾಜಿನ ಲೋಟದಲ್ಲಿ ಹಾಲು ಹಾಕಿದ ಚಹಾ ತಂದಿಟ್ಟ. ಕಾಫಿ ಬೇಡ, ಚಹಾ ಕೊಡಿ ಅಂದವಳು ಗೈಕ್ ಇಮ್. ರಾತ್ರಿ ಮುದುಕನಿಗೆ ನಿದ್ದೆ ಬರುತ್ತಿಲ್ಲವಂತೆ. ಲೋಟ ಕೈಸುಡುವಷ್ಟು ಬಿಸಿ. ಪೇ ಶಾನ್ ಅದನ್ನು ಎರಡೂ ಕೈಯ ತುದಿಬೆರಳಲ್ಲಿ ಹಿಡಿದು, ಮಂಡಿಯೂರಿದಲ್ಲಿಂದಲೇ ಎತ್ತಿ ಹೇಳಿದಳು:

"ಪಾ, ಚಹಾ ತಗೊಳ್ಳಿ."

ಎಂಗ್ ಕೀ ಎಡಗೈಯಲ್ಲಿ ತೆಗೆದುಕೊಂಡು ಊದಿ ಕುಡಿದ. ಅರ್ಧ ಕುಡಿದು ಪಕ್ಕಕ್ಕೆ ಚಾಚಿದ. ಅವನ ಲೋಟದ ಕೊನೆಯ ಅರ್ಧ ಯಾವತ್ತೂ ಗೈಕ್ ಇಮ್‌ದೇ. ಅವಳು ಕುಡಿದು ಲೋಟವನ್ನು ನೆಲಕ್ಕಿಟ್ಟಳು.

ಹೋಕ್ ಲಾಯ್ ತಟ್ಟೆ ಎದೆಗವುಚಿಕೊಂಡು ನಿಂತೇ ಇದ್ದ. ಮಂಡಿಯೂರಿದ ಮಗಳನ್ನು ನೋಡಿದ. ಅವಳ ಪಕ್ಕದಲ್ಲಿ ಮಂಡಿಯೂರಿದ ಹುಡುಗನನ್ನು ನೋಡಿದ. ಸ್ಟೂಲುಗಳ ಮೇಲೆ ಅಕ್ಕಪಕ್ಕ ಕೂತ ಗಂಡ ಹೆಂಡತಿಯನ್ನು ನೋಡಿದ. ಖಾಲಿ ಲೋಟ ನೋಡಿದ. ನಿಧಾನವಾಗಿ ಚಮಚ ತೆಗೆದು ತಟ್ಟೆಗೆ ಬಡಿದ.

"ಆಗ್ಹೋಯ್ತು," ಎಂದ.

"ಏನಾಯ್ತು?" ಎಂದ ಎಂಗ್ ಕೀ.

"ಮದ್ವೆ."

ಸಾಲಿನಲ್ಲಿದ್ದವರೆಲ್ಲ ಇತ್ತ ಕತ್ತು ಚಾಚಿದರು.

"ತಲೆ ಕೆಟ್ಟಿದೆಯಾ ನಿಂಗೆ? ಇದು ನಿನ್ನ ಅಂಗಡಿ ಚಹಾ. ಮದ್ವೆ ಚಹಾಕ್ಕೆ ಹಾಕೋ ಕೆಂಪು ಖರ್ಜೂರ ಎಲ್ಲಿದೆ ಇದ್ರಲ್ಲಿ?"

"ಸಿಹಿ ಇತ್ತೋ ಇಲ್ವೋ?"

"ಸಿಹಿ... ಇತ್ತು. ಸಕ್ಕರೆ ಜಾಸ್ತಿನೇ ಇತ್ತು."

"ಮುಗೀತಲ್ಲ. ಸಿಹಿ ಇದ್ರೆ ಸಾಕು."

"ಅವನು ಒಲೆ ರಿಪೇರಿ ಮಾಡ್ತಿದ್ದ ಕಣೋ."

"ವೇ ಜಿಯೆನ್, ಮಂಡಿ ನೆಲದ ಮೇಲಿತ್ತಾ, ಇಲ್ವಾ?"

ವೇ ಜಿಯೆನ್ ತನ್ನ ಮಂಡಿಯನ್ನು ನೋಡಿಕೊಂಡ. ಪ್ಯಾಂಟಿಗೆ ಹಿಟ್ಟು ಮೆತ್ತಿತ್ತು. "ಇತ್ತು," ಎಂದ.

ಸಾಲಿನಲ್ಲಿದ್ದವರು ಇಬ್ಭಾಗವಾದರು. ಬಾಯಿಂದ 'ಚಹಾ ತಗೊಳ್ಳಿ' ಅಂದಿದ್ದಾಳೆ, ಎರಡೂ ಕೈಯಲ್ಲಿ ಕೊಟ್ಟಿದ್ದಾಳೆ ಅಂದರು ಕೆಲವರು. ಹುಡುಗ ಲೋಟ ಮುಟ್ಟಲೇ ಇಲ್ಲವಲ್ಲ ಅಂದರು ಇನ್ನು ಕೆಲವರು. ಹುಡುಗನ ಕೈಯಲ್ಲಿ ಸ್ಪ್ಯಾನರ್ ಇತ್ತು, ಅದರಲ್ಲೇನು ತಪ್ಪು ಅಂದ ಒಬ್ಬ. ಸಾಲಿನ ಮುಂದೆ ನಿಂತಿದ್ದ, ಕೋಲು ಹಿಡಿದ ಅಜ್ಜಿಯೊಬ್ಬಳು ಕೊನೆಗೆ ಕೋಲಿನಿಂದ ನೆಲ ಕುಟ್ಟಿದಳು.

"ಅಪ್ಪ ಕುಡ್ದ. ಅಮ್ಮ ಕುಡಿದ್ಲು. ಯಾರೂ ಉಗುಳ್ಲಿಲ್ಲ. ನನ್ ಮದ್ವೆಲಿ ನಮ್ ಮಾವ ಚಹಾ ಕುಡಿಯೋವಾಗ ನಿದ್ದೆ ಮಾಡ್ತಿದ್ರು, ಅದೂ ಲೆಕ್ಕಕ್ಕೆ ಬಂತು. ಇದು ಮದ್ವೆನೇ. ಈಗ ನಂಗೆ ಹಾಳೆ ಕೊಡ್ತೀರಾ? ಬಿಸಿಲು ಏರ್ತಾ ಇದೆ."

ಎಂಗ್ ಕೀ ಹೆಂಡತಿಯ ಕಡೆ ತಿರುಗಿದ. "ನೀನು ಯಾಕ್ ಕುಡ್ದೆ?"

"ಬಾಯಾರಿತ್ತು," ಎಂದಳು ಗೈಕ್ ಇಮ್, ಹಾಳೆ ಕಟ್ಟುತ್ತ. ತಲೆ ಎತ್ತಲಿಲ್ಲ.

ಪೇ ಶಾನ್ ನಗುತ್ತಿದ್ದಳು, ಬೆರಳಿಂದ ಬಾಯಿ ಮುಚ್ಚಿಕೊಂಡು. ತಂದೆಯ ಮುಖ ನೋಡಿ ನಿಲ್ಲಿಸಿದಳು. ಅವನು ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ.

"ಪಾ, ತಮಾಷೆ. ಬಿಡಿ. ನೀವು ಬೇಡ ಅಂದ್ರೆ ಇದು ಬರೀ ಚಹಾ."

"ಬೇಡ ಅಂತಲ್ಲ," ಎಂದ. ಸುತ್ತ ಅಷ್ಟು ಜನ ಇದ್ದರೂ ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ. "ಈ ಸಲ ಹಬ್ಬದ ಊಟಕ್ಕೆ... ನಿಮ್ಮಮ್ಮ ಏಡಿ ತರ್ಸಿದಾಳೆ. ಮೂರು ಜನಕ್ಕೆ ಅಂತ."

ಎರಡು ವರ್ಷದ ಪೆಟ್ರೋಲು ಎಲ್ಲಿಂದ ಬರುತ್ತಿತ್ತೆಂದು ಪೇ ಶಾನ್‌ಗೆ ಆಗ ಗೊತ್ತಾಯಿತು. ಪಟ್ಟಿಯ ತುದಿ ಬಿಚ್ಚಿಕೊಂಡಿಲ್ಲದಿದ್ದರೂ ಅದನ್ನು ಮತ್ತೊಮ್ಮೆ ಒತ್ತಿ ಕೂರಿಸಿದಳು.

ವೇ ಜಿಯೆನ್ ಸ್ಪ್ಯಾನರ್ ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡ. ಅವನು ಬಾಯಿ ಬಿಡುವುದು ಅಪರೂಪವಾದ್ದರಿಂದ ಹೋಕ್ ಲಾಯ್ ಕೂಡ ಇತ್ತ ಬಗ್ಗಿದ.

"ನಮ್ಮಮ್ಮಂಗೆ ಅಡುಗೆ ಬರಲ್ಲ," ಎಂದ ವೇ ಜಿಯೆನ್.

ಎಲ್ಲರೂ ಮುಂದಿನ ಮಾತಿಗೆ ಕಾದರು.

"ಅಪ್ಪ ಇದ್ದಾಗ ಅವರೇ ಮಾಡ್ತಿದ್ರು. ಈಗ ಹಬ್ಬಕ್ಕೆ ನಮ್ಮೂರು ತೈಪಿಂಗ್‌ಗೆ ಹೋದ್ರೆ ನಾವಿಬ್ರೇ. ಹಬ್ಬದ ದಿನ ನೂಡಲ್ಸ್ ಪ್ಯಾಕೆಟ್ ಬಿಸಿ ಮಾಡ್ತೀವಿ. ಹಬ್ಬ ಅಂತ ಎರಡು ಮೊಟ್ಟೆ ಒಡೆದು ಹಾಕ್ತಾಳೆ." ಅವನು ಮತ್ತೆ ಗಂಟಲು ಸರಿಮಾಡಿಕೊಂಡ. "ಆ ಪೋಪಿಯಾದವರು ನಮ್ಮನ್ನ ಯಾವಾಗ ಊಟಕ್ಕೆ ಕರೀತಾರೆ ಅಂತ ಎರಡು ವರ್ಷದಿಂದ ಕೇಳ್ತಾ ಇದಾಳೆ. ಗಂಡಿನ ಕಡೆಯವರು ತಾವಾಗೇ ಬರ್ತೀವಿ ಅಂತ ಹೆಂಗೆ ಹೇಳೋದು, ಅಂಕಲ್?"

"ಎರಡು ವರ್ಷ ಬಾಯಲ್ಲಿ ಏನ್ ಇಟ್ಕೊಂಡಿದ್ದೆ ನೀನು?" ಎಂದ ಹೋಕ್ ಲಾಯ್.

"ಯಾರೂ ಕೇಳ್ಲಿಲ್ಲ."

ಎಂಗ್ ಕೀ ಆ ಹುಡುಗನನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. "ನಿಮ್ಮಮ್ಮ ಏಡಿ ತಿಂತಾರಾ?"

"ಯಾರಾದ್ರೂ ಬೇಯ್ಸಿ ಕೊಟ್ರೆ ಏನ್ ಬೇಕಾದ್ರೂ ತಿಂತಾಳೆ."

"ಹೆಂಗಸ್ರನ್ನ ಒಬ್ರನ್ನೇ ಬಸ್ಸಲ್ಲಿ ಬಾ ಅನ್ಬೇಡ. ಹೋಗಿ ಕರ್ಕೊಂಡು ಬಾ."

"ಸರಿ ಅಂಕಲ್."

"ಅಂಕಲ್ ಏನು?" ಎಂದಳು ಕೋಲಿನ ಅಜ್ಜಿ. "ಚಹಾ ಕುಡಿದಾಗಿದೆ. ಪಾ ಅನ್ನು."

"ಸರಿ, ಪಾ," ಎಂದ ವೇ ಜಿಯೆನ್, ಕುತ್ತಿಗೆಯವರೆಗೂ ಕೆಂಪಾಗಿ.

ಚಹಾ ಕುಡಿದ ಮೇಲೆ ಮಕ್ಕಳನ್ನು ಬರಿಗೈಯಲ್ಲಿ ಏಳಿಸಬಾರದು. ಹೋಕ್ ಲಾಯ್ ಅಂಗಡಿಯಿಂದ ಒಂದು ಕೆಂಪು ಲಕೋಟೆ ತಂದುಕೊಟ್ಟ. ಬಿಸ್ಕತ್ತಿನವನು ಬಿಟ್ಟಿ ಹಂಚಿದ್ದು. ಎಂಗ್ ಕೀ ಅಂಗಿಯ ಜೇಬಿಗೆ ಕೈಹಾಕಿದ. ಭಾನುವಾರದ ಪೆಟ್ರೋಲಿಗೆಂದು ಮಡಿಸಿಟ್ಟ ನೋಟುಗಳಿದ್ದವು. ಅವನ್ನೇ ಲಕೋಟೆಗೆ ಹಾಕಿ, ನೋಯುವ ಕೈ ನೋಯದ ಕೈ ಎರಡನ್ನೂ ಸೇರಿಸಿ ಮಗಳಿಗೆ ಕೊಟ್ಟ. ಸಾಲಿನವರು ಚಪ್ಪಾಳೆ ತಟ್ಟಿದರು. ವೇ ಜಿಯೆನ್ ಕೊಳವೆ ಕೂಡಿಸಿ ಕಡ್ಡಿ ಗೀರಿದಾಗ ಒಲೆಯ ಉರಿ ಎರಡೂ ಮಗ್ಗುಲಿಗೆ ಸಮನಾಗಿ ಹತ್ತಿಕೊಂಡಿತು.

ಹಬ್ಬದ ಹಿಂದಿನ ದಿನ ಬಿಸಿಲು ಇಳಿಯುವ ಹೊತ್ತಿಗೆ ವೇ ಜಿಯೆನ್‌ನ ತಾಯಿ ಬಂದರು. ಸಣ್ಣ ಆಳು, ಗುಂಗುರು ಕೂದಲು, ಕೈಯಲ್ಲಿ ಅನಾನಸ್ ಬಿಸ್ಕತ್ತಿನ ಡಬ್ಬಿ. ಮನೆಯಲ್ಲೇ ಮಾಡಿದ್ದು ಎಂದರು. ಅಂಗಡಿಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ ಗುರುತು ಡಬ್ಬಿಯ ಮೇಲಿತ್ತು. ಗೈಕ್ ಇಮ್ ಅದನ್ನು ನೋಡಿ, ಎಷ್ಟು ಹದವಾಗಿ ಮಾಡಿದ್ದೀರಿ ಅಂದಳು.

ಹತ್ತು ಮೇಜಿನ ಊಟ ಒಂದೇ ಮೇಜಿಗೆ ಇಳಿದಿತ್ತು. ನಡುವೆ ಹಾಳೆಗಳ ಅಟ್ಟಿ, ಸುತ್ತ ಬಟ್ಟಲುಗಳಲ್ಲಿ ಬೇಯಿಸಿದ ಗೆಡ್ಡೆಯ ತುರಿ, ಏಡಿ, ಮೊಟ್ಟೆ, ಸೊಪ್ಪು, ಮೆಣಸಿನ ಚಟ್ನಿ. ಅವರವರ ಪೋಪಿಯಾ ಅವರವರೇ ಸುತ್ತಬೇಕು. ವೇ ಜಿಯೆನ್‌ನ ತಾಯಿ ಎಲ್ಲವನ್ನೂ ಪ್ರೀತಿಯಿಂದ ಒಂದೇ ಹಾಳೆಗೆ ತುಂಬಿದ್ದರಿಂದ ಅದು ಹೊಟ್ಟೆ ಬಿರಿದು ತಟ್ಟೆಯಲ್ಲಿ ಮಲಗಿತು. ಎಂಗ್ ಕೀ ಕೊಂಬು ಬಾಲಗಳಿದ್ದ ಎರಡು ಎಡಗೈ ಹಾಳೆಗಳನ್ನು ಅವರ ಮುಂದಿಟ್ಟ.

"ಇವು ದಪ್ಪ. ನಿಮಗೆ ಅಂತಾನೇ ಮಾಡಿದ್ದು," ಎಂದ.

ಊಟದ ನಡುವೆ ಪೇ ಶಾನ್ ಎದ್ದು ಬಂದು ಅವನ ಮುಂದೆ ನಿಂತಳು. ಅವಳ ಕೈಯಲ್ಲಿ ಕೆಂಪು ಲಕೋಟೆಯಿತ್ತು. ಎರಡೂ ಕೈಯಲ್ಲಿ ಚಾಚಿದಳು. ಇಷ್ಟು ವಯಸ್ಸಾಗುವ ತನಕ ಕೊಡುತ್ತಲೇ ಬಂದವನಿಗೆ ತೆಗೆದು ಇಟ್ಟುಕೊಳ್ಳುವ ರೀತಿಯೇ ಮರೆತುಹೋಗಿತ್ತು. ಲಕೋಟೆ ಹಿಡಿದುಕೊಂಡು ಮೇಜಿನ ಮೇಲಿಟ್ಟ, ಮತ್ತೆ ಎತ್ತಿಕೊಂಡ, ತಟ್ಟೆಯ ಕೆಳಗಿಡಲು ಹೋದ.

"ಜೇಬಲ್ಲಿ ಇಡಿ," ಎಂದಳು ಗೈಕ್ ಇಮ್. "ಅದೇನು ಹಾಳೆ ಅಲ್ಲ, ಗಾಳಿಗೆ ಒಣಗಿಸ್ಬೇಕು ಅನ್ನೋಕೆ."

ಅವನು ಜೇಬಲ್ಲಿಟ್ಟ.

"ಇದು ಅಕ್ಕಿ ಚೀಲದಲ್ಲಿ ಸಿಗಬಾರದು," ಎಂದಳು ಪೇ ಶಾನ್.

"ಸಿಗಲ್ಲ."

"ಅಂಗಡಿಗೆ ಮೂರು ತಿಂಗಳು ರಜೆ."

"ಒಂದು."

"ಮೂರು, ಪಾ."

"ಒಂದೂವರೆ. ಆಮೇಲೆ ನೀನೇ ನೋಡಿ ಹೇಳು."

ಅವಳು ಒಪ್ಪಿದಳು. ವೇ ಜಿಯೆನ್‌ನ ತಾಯಿ ಮೂರನೆಯ ಪೋಪಿಯಾಕ್ಕೆ ಕೈಹಾಕಿದರು. ಈ ಸಲ ಅದು ಬಿರಿಯದೆ ನಿಂತಿತು. ಎಲ್ಲರೂ ಅದನ್ನು ಮೆಚ್ಚುತ್ತಿದ್ದಾಗ ಹೊರಗೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಪೇ ಶಾನ್‌ಳ ಕೈ ತನ್ನ ಚೀಲಕ್ಕೆ ಹೋಯಿತು. ಕೀ ಇರಲಿಲ್ಲ. ಎದುರಿನ ಕುರ್ಚಿಯೂ ಖಾಲಿ.

ಬಂಕಿನಲ್ಲಿ ಅವತ್ತು ಸಾಲಿರಲಿಲ್ಲ. ಊರೆಲ್ಲ ಮನೆಗಳಲ್ಲಿ ಉಣ್ಣುತ್ತಿತ್ತು. ಎಲ್ಲೋ ಮೊದಲ ಪಟಾಕಿ ಸಿಡಿಯಿತು. ಎಂಗ್ ಕೀ ಜೇಬಿನಿಂದ ಲಕೋಟೆ ತೆಗೆದ. ಹೊಸ ನೋಟುಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಳೆ ಸುಲಿಯುವ ಬೆರಳುಗಳಿಗೆ ಅದೇನು ಕಷ್ಟವಾಗಲಿಲ್ಲ. ಬೇಕಾದಷ್ಟು ಸುಲಿದು ಕೊಟ್ಟು, ಲಕೋಟೆಯನ್ನು ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡ. ಟ್ಯಾಂಕ್ ತುಂಬುವವರೆಗೆ ಎಡಗೈಯಲ್ಲಿ ಕೊಳವೆ ಹಿಡಿದು ನಿಂತ.

ಮನೆಗೆ ಬಂದಾಗ ಎಲ್ಲರೂ ಹಾಗೆಯೇ ಕೂತಿದ್ದರು. ಅವನ ತಟ್ಟೆಯಲ್ಲಿ ಯಾರೋ ಸುತ್ತಿಟ್ಟ ಪೋಪಿಯಾ ಇತ್ತು, ಒಣಗದಿರಲೆಂದು ಮೇಲೊಂದು ಹಾಳೆ ಹೊದಿಸಿದ್ದರು.

"ಎಲ್ಲಿಗೆ ಹೋಗಿದ್ರಿ ಪಾ?" ಎಂದಳು ಪೇ ಶಾನ್, ಗೊತ್ತಿದ್ದೂ.

"ಖರ್ಚು ಮಾಡಕ್ಕೆ," ಎಂದು ಎಂಗ್ ಕೀ ಕುರ್ಚಿ ಎಳೆದುಕೊಂಡ. "ನನ್ ಮಗಳು ದುಡ್ಡು ಕೊಟ್ಟಿದಾಳೆ."